ಅಡುಗೆಮನೆಯ ಬೆಳಕಿಗೊಂದು ಕ್ಯಾಮೆರಾ

ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬ ಈಗ ತೀರ್ಥಹಳ್ಳಿ ಕಡೆ ತೋಟ ನೋಡಿಕೊಂಡಿದ್ದಾನೆ. ಮೊನ್ನೆ ಅವನ ಮಗಳು ಬೆಂಗಳೂರಿನಿಂದ ಫೋನು ಮಾಡಿದಳು. "ಅಂಕಲ್, ಅಪ್ಪಯ್ಯಂಗೆ ಒಂದು ಕ್ಯಾಮೆರಾ ಕೊಡಿಸ್ಬೇಕು. ಸುಲಭದ್ದು, ಜೇಬಿಗೆ ಹಿಡಿಯೋವಂಥದ್ದು."

"ಮೊಬೈಲ್ ಇದೆಯಲ್ಲ ಅವನ ಹತ್ರ?"

"ಅದ್ರ ತುಂಬ ಗುಡ್ ಮಾರ್ನಿಂಗ್ ಹೂವು ಅಂಕಲ್. ಮೊಮ್ಮಗಳ ಫೋಟೊ ತೋರ್ಸಿ ಅಂದ್ರೆ ಅರ್ಧ ಗಂಟೆ ಬೆರಳಾಡಿಸ್ತಾರೆ. ಅಷ್ಟರಲ್ಲಿ ಅಡಿಕೆ ಮಂಡಿಯಿಂದ ಫೋನ್ ಬರತ್ತೆ, ಅಲ್ಲಿಗೆ ಮುಗೀತು."

ಕ್ಯಾಮೆರಾ ಕೊಳ್ಳಲು ಇಷ್ಟು ಒಳ್ಳೆಯ ಕಾರಣವನ್ನು ನಾನು ಇತ್ತೀಚೆಗೆ ಕೇಳಿರಲಿಲ್ಲ. ಫೋಟೊ ತೆಗೆಯುವುದೊಂದನ್ನೇ ಮಾಡುವ ವಸ್ತು ಮನೆಯಲ್ಲಿ ಇರಬೇಕು, ಅದಕ್ಕೆ ಯಾರ ಕರೆಯೂ ಬರಬಾರದು.

ಎಲ್ಲರೂ ಕೇಳುವ ಪ್ರಶ್ನೆಯನ್ನು ಅವಳೂ ಕೇಳಿದಳು: ಎಷ್ಟು ಮೆಗಾಪಿಕ್ಸೆಲ್? ಲೆಕ್ಕ ಹಾಕಿ ತೋರಿಸಿದೆ. ಆಲ್ಬಮ್ಮಿನಲ್ಲಿ ಅಂಟಿಸುವ ಆರಿಂಚು ನಾಲ್ಕಿಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯಂತೆ, 1800ಕ್ಕೆ 1200 ಚುಕ್ಕಿ ಸಾಕು. ಅಂದರೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ. ಗೋಡೆಗೆ ತೂಗುಹಾಕುವ ಹನ್ನೆರಡು-ಎಂಟಿಂಚಿಗೂ ಒಂಬತ್ತು ತುಂಬುವುದಿಲ್ಲ. ಹದಿನೈದು ವರ್ಷದ ಹಿಂದಿನ ಕ್ಯಾಮೆರಾ ಕೂಡ ಇದನ್ನು ದಾಟಿರುತ್ತದೆ. "ಅದು ಬಿಡು. ನಿಮ್ಮನೇಲಿ ಅತಿ ಕತ್ತಲೆ ಕೋಣೆ ಯಾವುದು ಹೇಳು" ಎಂದೆ. ಒಂದು ಕ್ಷಣವೂ ಯೋಚಿಸದೆ "ಅಡುಗೆಮನೆ" ಎಂದಳು.

ಆ ಅಡುಗೆಮನೆಯಲ್ಲಿ ನಾನು ಎಷ್ಟು ಸಲ ಉಂಡಿಲ್ಲ. ಹೊಗೆ ಹಿಡಿದ ಜಂತೆ, ಒಲೆಯ ಮೇಲೊಂದು ಸಣ್ಣ ಕಿಟಕಿ, ಗೋಡೆಗೊಂದು ಟ್ಯೂಬ್‌ಲೈಟು. ಮನೆಯಲ್ಲಿ ನಡೆಯುವ ನೋಡುವಂಥದ್ದೆಲ್ಲ ನಡೆಯುವುದು ಅಲ್ಲೇ: ಅತ್ತೆ ಸೊಸೆಯರು ಹಲಸಿನ ಹಪ್ಪಳ ತಟ್ಟುವುದು, ಮೊಮ್ಮಗಳು ಕದ್ದು ಬೆಲ್ಲ ತಿನ್ನುವುದು. ಕ್ಯಾಮೆರಾದ ಪರೀಕ್ಷೆ ಆಗಬೇಕಾದದ್ದು ಅಲ್ಲಿ. ಅಂಗಡಿಯವರು ಕಣ್ಣು ಕುಕ್ಕುವ ಬೆಳಕಿನ ಕೆಳಗೆ ಹಿಡಿದು ತೋರಿಸುತ್ತಾರಲ್ಲ, ಆ ಬೆಳಕಿನಲ್ಲಿ ಎಂಥ ಡಬ್ಬಾ ಕ್ಯಾಮೆರಾವೂ ಚೆನ್ನಾಗಿಯೇ ತೆಗೆಯುತ್ತದೆ. ನಾನಾದರೆ ನನ್ನದೇ ಮೆಮರಿ ಕಾರ್ಡ್ ಒಯ್ದು, ಅಂಗಡಿಯ ಮೆಟ್ಟಿಲ ಕೆಳಗೆ, ಪೊರಕೆ ಇಡುವ ಮೂಲೆಯಲ್ಲಿ ನಾಲ್ಕು ಫೋಟೊ ತೆಗೆದು ಮನೆಗೆ ಬಂದು ನೋಡುತ್ತೇನೆ. ಅಂಗಡಿಯ ಹುಡುಗರು ನಗುತ್ತಾರೆ, ನಗಲಿ.

ಕತ್ತಲೆಯಲ್ಲಿ ಕೈಹಿಡಿಯುವುದು ಎರಡು. ಒಂದು ಸೆನ್ಸರಿನ ಗಾತ್ರ. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿರುವ 1/2.3 ಇಂಚಿನ ಸೆನ್ಸರು ಆರು ಮಿಲಿಮೀಟರು ಉದ್ದ, ನಾಲ್ಕೂವರೆ ಮಿಲಿಮೀಟರು ಅಗಲ. ಹೆಚ್ಚುಕಮ್ಮಿ ಒಂದು ತೊಗರಿಬೇಳೆ. ಈಗಿನ ಒಳ್ಳೆಯ ಮೊಬೈಲಿನ ಮುಖ್ಯ ಸೆನ್ಸರು ಇದಕ್ಕಿಂತ ದೊಡ್ಡದು. ದೂರದ ಹಕ್ಕಿಯನ್ನು ಎಳೆಯುವ ಜೂಮ್ ಬೇಕೆನ್ನುವವರನ್ನು ಬಿಟ್ಟರೆ ಬೇರೆಯವರು ಇಂಥ ಕ್ಯಾಮೆರಾಕ್ಕೆ ದುಡ್ಡು ಹಾಕುವುದು ದಂಡ. "ಒಂದಿಂಚು" ಎನ್ನುವ ಸೆನ್ಸರು 13.2ಕ್ಕೆ 8.8 ಮಿಲಿಮೀಟರು, ಕಿರುಬೆರಳಿನ ಉಗುರಿನಷ್ಟು. ಬೇಳೆಯ ನಾಲ್ಕು ಪಾಲು ಜಾಗ. ಅದರಲ್ಲಿ ಒಂದಿಂಚು ಎಲ್ಲಿದೆ ಎಂದು ಸ್ಕೇಲ್ ಹಿಡಿದು ಹುಡುಕಬೇಡಿ. ಹಿಂದೆ ಟಿವಿ ಕ್ಯಾಮೆರಾಗಳಲ್ಲಿದ್ದ ವಿಡಿಕಾನ್ ಎಂಬ ಗಾಜಿನ ಕೊಳವೆಯ ಹೊರಸುತ್ತಿನ ಅಳತೆ ಅದು. ಕೊಳವೆ ಹೋಯಿತು, ಹೆಸರು ಉಳಿಯಿತು.

ಎರಡನೆಯದು ಲೆನ್ಸಿನ ಬಾಯಿ. ಲೆನ್ಸಿನ ಸುತ್ತ ಸಣ್ಣಕ್ಷರದಲ್ಲಿ 1.8-4.9 ಎಂದೋ 1.8-2.8 ಎಂದೋ ಕೊರೆದಿರುತ್ತಾರೆ. ಮೊದಲ ಅಂಕಿ ಜೂಮ್ ಮಾಡದಿದ್ದಾಗಿನದು, ಎರಡನೆಯದು ಪೂರ್ತಿ ಜೂಮ್ ಎಳೆದಾಗಿನದು. ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು. 1.8ರಿಂದ 4.9ಕ್ಕೆ ಹೋದರೆ ಒಳಬರುವ ಬೆಳಕು ಏಳರಲ್ಲೊಂದು ಪಾಲಿಗೆ ಇಳಿಯುತ್ತದೆ. ಬಾಗಿಲಲ್ಲೇ ನಿಂತು ಜೂಮ್ ಎಳೆಯುವ ಬದಲು ನಾಲ್ಕು ಹೆಜ್ಜೆ ಒಳಗೆ ಹೋಗು ಎಂದು ನಾನು ಹೇಳುವುದು ಇದಕ್ಕೇ. ಹಾಗಂತ ಮುಖಕ್ಕೆ ಮುಖ ತಾಗುವಷ್ಟು ಹತ್ತಿರವೂ ಬೇಡ, ಮೂಗು ಬದನೆಕಾಯಿಯಾಗುತ್ತದೆ.

ಒಂದಿಂಚಿನ ಸೆನ್ಸರನ್ನು ಅಂಗಿಯ ಜೇಬಿಗೆ ತಂದ ಕೀರ್ತಿ 2012ರ ಸೋನಿ ಆರ್‌ಎಕ್ಸ್100ಕ್ಕೆ ಸಲ್ಲಬೇಕು. ಬ್ಯಾಟರಿ ಸೇರಿ 240 ಗ್ರಾಂ. ಅದರ ಮುಂದಿನ ಮಾದರಿಗಳು ಒಂದಕ್ಕಿಂತ ಒಂದು ಜಾಣ, ಒಂದಕ್ಕಿಂತ ಒಂದು ದುಬಾರಿ. ಕ್ಯಾನನ್ನಿನ ಜಿ7 ಎಕ್ಸ್ ಮಾರ್ಕ್ 2 ಬಂದದ್ದು 2016ರಲ್ಲಿ. ಪೂರ್ತಿ ಜೂಮಿನಲ್ಲೂ ಅದರ ಬಾಯಿ 2.8, ಪರದೆ ಮೇಲಕ್ಕೆ ಕೆಳಕ್ಕೆ ಮಡಚುತ್ತದೆ, ತೂಕ ಮಾತ್ರ ಮುನ್ನೂರು ಗ್ರಾಂ ದಾಟುತ್ತದೆ. ನನ್ನ ಜೇಬಿನಲ್ಲಿ ಇರುವುದು ಇವೆರಡೂ ಅಲ್ಲ, ರಿಕೋ ಜಿಆರ್ 3. ಸೆನ್ಸರು ಇನ್ನೂ ದೊಡ್ಡದು, ಜೂಮ್ ಇಲ್ಲವೇ ಇಲ್ಲ. ಎರಡು ಮೀಟರು ಎಂದು ಮೊದಲೇ ಗೊತ್ತುಮಾಡಿಟ್ಟು ಗುಂಡಿಯನ್ನು ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಫೋಕಸ್ ಹುಡುಕುವ ಗೋಜಿಗೆ ಹೋಗದೆ ತೆಗೆದುಬಿಡುತ್ತದೆ. ಗಾಂಧಿಬಜಾರಿನ ಹೂವಿನ ಸಾಲಿನಲ್ಲಿ ಇದಕ್ಕೆ ಸಮ ಇಲ್ಲ ಎಂದು ನನ್ನ ಮತ. ಆದರೆ ಅದಕ್ಕೆ ಫ್ಲಾಶ್ ಇಲ್ಲ, ಗೆಳೆಯನಿಗೆ ಫ್ಲಾಶ್ ಬೇಕು. ನನ್ನ ಪ್ರೀತಿಯನ್ನು ಅವನ ತಲೆಗೆ ಕಟ್ಟಲಿಲ್ಲ.

ಹೊಸದಕ್ಕಿಂತ ಹಳೆಯದನ್ನೇ ಹುಡುಕು ಎಂದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಲೆನ್ಸ್ ಬಿಚ್ಚಲಾಗದ ಕ್ಯಾಮೆರಾಗಳು 10 ಕೋಟಿಗೂ ಮಿಕ್ಕಿ ಕಾರ್ಖಾನೆ ಬಿಟ್ಟಿದ್ದವು. 2023ರಲ್ಲಿ 17 ಲಕ್ಷದ ಆಸುಪಾಸು. ಉಳಿದದ್ದನ್ನೆಲ್ಲ ಮೊಬೈಲು ನುಂಗಿತು. ಹಾಗಾಗಿ ಹೊಸ ಕಾಂಪ್ಯಾಕ್ಟ್‌ಗಳಿಗೆ ಬಂಗಾರದ ಬೆಲೆ, ಬೀರುಗಳಲ್ಲಿ ಮಲಗಿರುವ ಹಳೆಯವು ಮಾತ್ರ ಲೆಕ್ಕವಿಲ್ಲದಷ್ಟು.

ಕಾಲೇಜು ಹುಡುಗರಿಗೆ ಈಗ 2005ರ ಸುಮಾರಿನ ಸಿಸಿಡಿ ಸೆನ್ಸರಿನ ಕ್ಯಾಮೆರಾಗಳ ಹುಚ್ಚು. ಅದರ ಬಣ್ಣದಲ್ಲಿ ಏನೋ ಮಾಯೆಯಿದೆಯಂತೆ. ಅರ್ಧ ಮಾಯೆ ಅದರ ಫ್ಲಾಶಿನದು, ಇನ್ನರ್ಧ ಕ್ಯಾಮೆರಾದೊಳಗೆ ಚಿತ್ರ ಬೇಯಿಸುವ ರೀತಿಯದು. ಸೆನ್ಸರಿನ ಜಾತಿ ನೋಡಿ ಬಣ್ಣ ಹೇಳುವುದನ್ನು ನಾನು ನಂಬುವುದಿಲ್ಲ. ಕೊಳ್ಳಬೇಡಿ ಎನ್ನುತ್ತಿಲ್ಲ, ಕಾರ್ಡು ಯಾವುದೆಂದು ಮೊದಲು ಕೇಳಿ. 2006ಕ್ಕೆ ಮೊದಲಿನವು 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಸಾಮಾನ್ಯವಾಗಿ ಮೂಸುವುದಿಲ್ಲ. ಒಲಿಂಪಸ್ ಮತ್ತು ಫ್ಯೂಜಿಯ ಎಷ್ಟೋ ಮಾದರಿಗಳಿಗೆ ಬೇಕಾದ ಎಕ್ಸ್‌ಡಿ ಕಾರ್ಡನ್ನು ಯಾರೂ ಮಾಡುತ್ತಲೇ ಇಲ್ಲ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ ಡಬ್ಬಿ ತೆರೆದು ಹಸಿರು ಕಿಲುಬು ಹಿಡಿದಿದೆಯಾ ನೋಡಿ. ಹಿಂದೆಮುಂದೆ ಚಾಚುವ ಲೆನ್ಸನ್ನು ಹತ್ತು ಸಲ ಆನ್-ಆಫ್ ಮಾಡಿ, ಕಿರ್ ಎಂದರೆ ವಾಪಸು ಕೊಟ್ಟುಬಿಡಿ. ಬರಿ ಆಕಾಶದ ಫೋಟೊ ತೆಗೆದು ನೋಡಿದರೆ ಒಳಗೆ ಕೂತ ಧೂಳು ಕಪ್ಪು ಮಚ್ಚೆಯಾಗಿ ಕಾಣುತ್ತದೆ.

ಅವಳಿಗೆ ಸಿಕ್ಕಿದ್ದು ಆರ್‌ಎಕ್ಸ್100ರ ಮೊದಲ ಮಾದರಿ, ಯಾರೋ ಎರಡು ಪ್ರವಾಸಕ್ಕೆ ಒಯ್ದು ಮರೆತದ್ದು. ಮುಂದಿನ ಭಾನುವಾರ ಅದನ್ನು ಗೆಳೆಯನಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮೆನು ತೆರೆದು ಪುಟದ ಮೇಲೆ ಪುಟ ಸರಿಸುತ್ತ ಹೋದಾಗ ಅವನ ಮುಖ ಬಾಡಿತು. "ಎಂತ ಮಾರಾಯ, ಇದು ತಾಲ್ಲೂಕು ಕಚೇರಿ ಅರ್ಜಿ ಇದ್ದ ಹಾಗಿದೆ."

ಆಗ ನೆನಪಾದದ್ದು ಅವನ ತಂದೆಯ ಆಗ್ಫಾ ಕ್ಲಿಕ್ 3. ಬರೋಡಾದಲ್ಲಿ ತಯಾರಾಗಿ ನಮ್ಮ ಕಾಲದ ಅರ್ಧ ಊರಿನ ಕೈಗೆ ಬಂದಿದ್ದ ಕಪ್ಪು ಡಬ್ಬಿ. ಒಂದು ರೀಲಿಗೆ ಹನ್ನೆರಡೇ ಫೋಟೊ. ತಿರುಗಿಸಲು ಇದ್ದದ್ದು ಬಿಸಿಲು, ಮೋಡ ಅನ್ನುವಷ್ಟೇ. ಅದರಲ್ಲೇ ಅವನ ಅಕ್ಕನ ಮದುವೆ ಮುಗಿದುಹೋಗಿತ್ತು. "ನಿನ್ನ ಅಪ್ಪಂಗೆ ಬಿಸಿಲು, ಮೋಡ. ನಿಂಗೆ ಹೊರಗೆ, ಒಳಗೆ. ಹೊರಗೆ ಹೋದ್ರೆ ಚಕ್ರನ ಪಿಗೆ ತಿರುಗ್ಸು, ಮನೆಯೊಳಗೆ ಎಸ್‌ಗೆ. ಬೇರೆ ಅಕ್ಷರ ಮುಟ್ಟಬೇಡ" ಎಂದೆ.

ಪಿ ಎಂದರೆ ಶಟರಿನ ವೇಗ, ಲೆನ್ಸಿನ ಬಾಯಿ ಎರಡನ್ನೂ ಕ್ಯಾಮೆರಾ ನೋಡಿಕೊಳ್ಳುತ್ತದೆ. ಎಸ್‌ನಲ್ಲಿ ಶಟರಿನ ವೇಗ ಮಾತ್ರ ನಮ್ಮದು (ಕ್ಯಾನನ್ನಿನಲ್ಲಿ ಇದು ಟಿವಿ). ಅದನ್ನು 1/100ಕ್ಕೆ ನಿಲ್ಲಿಸಿದೆ. ಈ ಅಂಕಿಗೆ ಕಾರಣವಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದುಮುಂದಾಗುತ್ತದೆ, ಹಳೆಯ ಟ್ಯೂಬ್‌ಲೈಟು ಅದರ ಎರಡರಷ್ಟು, 100 ಸಲ ಮಿಡಿಯುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರಿಗೆ ಗೊತ್ತಾಗುತ್ತದೆ. 1/100ರಲ್ಲಿ ಒಂದು ಪೂರ್ತಿ ಮಿಡಿತ ಒಳಗೆ ಬರುತ್ತದೆ. 1/250 ಇಟ್ಟರೆ ಅರ್ಧಂಬರ್ಧ ಮಿಡಿತ ಸಿಕ್ಕಿ ಒಂದು ಫೋಟೊ ಬೆಳ್ಳಗೆ, ಮುಂದಿನದು ಹಳದಿ-ಕಪ್ಪಗೆ. "ಕ್ಯಾಮೆರಾ ಕೆಟ್ಟಿದೆ" ಎಂದು ರಿಪೇರಿಗೆ ಒಯ್ದವರನ್ನು ಕಂಡಿದ್ದೇನೆ. 1/100ಕ್ಕೆ ರೊಟ್ಟಿ ತಟ್ಟುವ ಕೈ ತುಸು ಅಲುಗಿದಂತೆ ಬರಬಹುದು, ಬರಲಿ, ತಟ್ಟುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಐಎಸ್‌ಒವನ್ನು (ಬೆಳಕಿಗೆ ಸೆನ್ಸರು ತೋರುವ ಚುರುಕು, ಏರಿಸಿದಷ್ಟೂ ಚಿತ್ರ ಕಾಳುಕಾಳು) ಆಟೋದಲ್ಲಿಟ್ಟು ಮೇಲಿನ ಮಿತಿ 3200ಕ್ಕೆ ಕಟ್ಟಿದೆ. ಜೂಮ್ ಎಳೆಯದಿದ್ದರೆ ಆ ಅಡುಗೆಮನೆ 800ರಿಂದ 1600ರೊಳಗೆ ಮುಗಿಯುತ್ತದೆ, ಆ ಕಾಳುಕಾಳು ಪ್ರಿಂಟಿನಲ್ಲಿ ಕಾಣುವುದೇ ಇಲ್ಲ.

ಇನ್ನೆರಡು ಮಾತು ಹೇಳಿಕೊಟ್ಟೆ. ಕ್ಯಾಮೆರಾಕ್ಕೆ ಲೋಕವೆಲ್ಲ ಬೂದುಬಣ್ಣದ್ದು ಎಂಬ ನಂಬಿಕೆ. ಬಿಳಿ ಪಂಚೆ, ಬಿಳಿ ಶಲ್ಯದವರ ಗುಂಪನ್ನು ತೋರಿಸಿದರೆ ಬೆಳಕು ಜಾಸ್ತಿಯಾಯಿತೆಂದು ಹೆದರಿ ಪಂಚೆಯನ್ನು ಮಾಸಲು ಮಾಡುತ್ತದೆ, ಬೆಳಕಿನ ತಿದ್ದುಪಡಿಯಲ್ಲಿ (+/-) ಪ್ಲಸ್ 0.7 ಕೊಡಬೇಕು. ಕಂಬಳದ ಕೋಣವನ್ನೋ ಬೇಲೂರಿನ ಕಪ್ಪು ಶಿಲಾಬಾಲಿಕೆಯನ್ನೋ ತೋರಿಸಿದರೆ ಬೂದಿ ಬಳಿದಂತೆ ತೆಗೆಯುತ್ತದೆ. ಅಲ್ಲಿ ಮೈನಸ್ 0.7.

ಮತ್ತೆ ಫ್ಲಾಶು. ಅದನ್ನು ಒಳಗೆ ಬೇಡ, ಬಿಸಿಲಲ್ಲಿ ಹಾಕು ಎಂದಾಗ ಅವನು ನನ್ನನ್ನು ನೋಡಿದ ರೀತಿ ಹೇಳಬಾರದು. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೇರಿನ ಹೊತ್ತು ನೆನೆಯಿರಿ: ನೆತ್ತಿಯ ಮೇಲೆ ಸೂರ್ಯ, ಟೋಪಿ ರುಮಾಲುಗಳ ಕೆಳಗೆ ಕಣ್ಣೆಲ್ಲ ಕಪ್ಪು ಗುಳಿ. ಆರಡಿ ದೂರದಿಂದ ಒಂದು ಫ್ಲಾಶು ಬಿದ್ದರೆ ಗುಳಿಯೊಳಗಿನ ಕಣ್ಣು ಎದ್ದು ಬರುತ್ತದೆ. ಇಂಥ ಪುಟ್ಟ ಕ್ಯಾಮೆರಾದಲ್ಲಿ ಶಟರು ಲೆನ್ಸಿನೊಳಗೇ ಹೂವಿನ ಎಸಳಿನಂತೆ ಬಿಚ್ಚಿ ಮುಚ್ಚುವುದರಿಂದ ಎಷ್ಟು ವೇಗವಿದ್ದರೂ ಫ್ಲಾಶಿನ ಬೆಳಕು ಪೂರ್ತಿ ಸಿಗುತ್ತದೆ. ಲಕ್ಷಗಟ್ಟಲೆಯ ದೊಡ್ಡ ಎಸ್‌ಎಲ್‌ಆರ್‌ಗಳು ಮಾಮೂಲಿ ಫ್ಲಾಶಿನಲ್ಲಿ 1/200, 1/250ರ ಹತ್ತಿರ ಕೈಚೆಲ್ಲುತ್ತವೆ. ಮೊಬೈಲಿನದು ಬಿಡಿ, ಅದು ಟಾರ್ಚು.

ಮಲೆನಾಡಿನವರಿಗೆ ಒಂದು ಎಚ್ಚರಿಕೆ ಬೇರೆಯೇ ಬೇಕು. ನನ್ನ ಮೊದಲ ಒಳ್ಳೆಯ ಕ್ಯಾಮೆರಾವನ್ನು ಚಂದದ ಚರ್ಮದ ಕೇಸಿನಲ್ಲಿ ಬೀಗಹಾಕಿ ಒಂದು ಆಷಾಢ ಶ್ರಾವಣ ಬೀರುವಿನಲ್ಲಿಟ್ಟಿದ್ದೆ. ಗಣಪತಿ ಹಬ್ಬಕ್ಕೆ ತೆಗೆದರೆ ಲೆನ್ಸಿನ ಒಳಗೆ ಜೇಡ ಬಲೆ ಕಟ್ಟಿದ ಹಾಗೆ ಬೂಷ್ಟು. ಚರ್ಮ ತೇವ ಕುಡಿದು ಹಿಡಿದಿಟ್ಟುಕೊಂಡಿತ್ತು. ಮಳೆಗಾಲದಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಜೊತೆಗೊಂದು ಹಿಡಿ ಸಿಲಿಕಾ ಜೆಲ್, ಸಾಕು. ಹರಳಿನ ಬಣ್ಣ ತಿರುಗಿದರೆ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿ. ಅಡುಗೆಯ ಬಾಣಲೆ ಬೇಡ, ಆ ಬಣ್ಣ ಹೊಟ್ಟೆಗೆ ಆಗಿಬರುವುದಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಸಲಹೆ ಕೇಳಿದರೆ ಅಕ್ಕಿಯ ಹಿಟ್ಟು ಲೆನ್ಸಿನ ಸಂದಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ಡಬ್ಬಿಯೂ ಬೇಡ, ಕೈಗೆ ಸಿಗುವಲ್ಲಿ ನೇತುಹಾಕಿ ಎಂದೆ. ಗೆಳೆಯ ಜಗಲಿಯ ಗೂಟಕ್ಕೆ, ಛತ್ರಿಯ ಪಕ್ಕ, ಟಾರ್ಚಿನ ಮೇಲೆ ನೇತುಹಾಕಿದ. ಚಾರ್ಜಿಗೆ ಹಳೆ ಮೊಬೈಲಿನ ಮೈಕ್ರೊ ಯುಎಸ್‌ಬಿ ವೈರೇ ಆಗುತ್ತದೆಂದು ತಿಳಿದಾಗ ಅವನಿಗಾದ ಸಂತೋಷ ಉಳಿದ ಯಾವ ವಿಷಯಕ್ಕೂ ಆಗಲಿಲ್ಲ.

ಮೂರು ವಾರ ಕಳೆದು ಮಗಳು ಕಾರ್ಡು ತಂದುಕೊಟ್ಟಳು. ಇನ್ನೂರ ಚಿಲ್ಲರೆ ಫೋಟೊ. ಮೊದಲ ನಲವತ್ತು ಅಡಿಕೆ ಗೊನೆ, ಆಮೇಲೆ ನಾಯಿ, ಮತ್ತೆ ಗೊನೆ. ನೂರಾ ಹನ್ನೊಂದನೆಯದರ ಹತ್ತಿರ ಅಡುಗೆಮನೆ. ಕಿಟಕಿಯ ಬೆಳಕು ಹೊಗೆಯಲ್ಲಿ ಓರೆಯಾಗಿ ಇಳಿದಿದೆ. ಅವನ ಹೆಂಡತಿ ಅರ್ಧ ತಿರುಗಿ, ಹಿಟ್ಟಿನ ಕೈ ಎತ್ತಿ, ಬಾಯಿ ತೆರೆದು ಏನೋ ಬಯ್ಯುತ್ತಿದ್ದಾಳೆ. ಅವಳ ಸೊಂಟದ ಹಿಂದಿನಿಂದ ಮೊಮ್ಮಗಳ ಎರಡು ಬೆರಳು ಬೆಲ್ಲದ ಡಬ್ಬಿಯೊಳಗೆ. ಎತ್ತಿದ ಕೈ ಮಸುಕು, ಬೆರಳು ಸ್ಪಷ್ಟ. ಯಾವತ್ತು ತೆಗೆದದ್ದೆಂದು ತಾರೀಖು ನೋಡಿದೆ. 2012, ಜನವರಿ 1. ಇನ್ನೂರೂ ಅದೇ ದಿನದವು. ಮೊಮ್ಮಗಳು ಹುಟ್ಟಿದ್ದೇ ಎಷ್ಟೋ ವರ್ಷದ ಮೇಲೆ. ಗಡಿಯಾರ ಸರಿಮಾಡಿಕೊಡುವುದನ್ನು ನಾನೇ ಮರೆತಿದ್ದೆ.