ಮಳೆಯಲ್ಲಿ ಮದುವೆ, ಮದುವೆಯಲ್ಲಿ ಕ್ಯಾಮೆರಾ

ನಮ್ಮ ಸಂಘದ ಬಂಧುಗಳ ಮನೆಗೆ ಹೋದಾಗ ಕಾಫಿಯ ಜೊತೆಗೆ ಮದುವೆಯ ಆಲ್ಬಮ್ಮೂ ಕೈಗೆ ಬರುವುದು ಹಳೆಯ ಪದ್ಧತಿ. ಈಚಿನ ಆಲ್ಬಮ್ಮುಗಳಲ್ಲಿ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ರಾತ್ರಿ ಹೊತ್ತು, ಪೇಟೆಯ ನಡುಬೀದಿ, ಸುರಿಯುವ ಮಳೆ. ಪಾರದರ್ಶಕವಾದ ಒಂದು ಕೊಡೆಯ ಕೆಳಗೆ ವಧೂವರರು ಹಣೆಗೆ ಹಣೆ ತಾಗಿಸಿ ನಿಂತಿದ್ದಾರೆ. ಹಿಂದಿನಿಂದ ಬಂದ ಬೆಳಕಿನಲ್ಲಿ ಹನಿಗಳೆಲ್ಲ ಮುತ್ತಾಗಿವೆ. ಚಿತ್ರ ಚೆನ್ನಾಗಿಲ್ಲವೆಂದು ಯಾರೂ ಹೇಳುವಂತಿಲ್ಲ. ಆದರೆ ಅದರಲ್ಲಿ ಬೀಗರಿಲ್ಲ, ಅಜ್ಜಿಯಿಲ್ಲ, ಅಡಿಗೆಯವರಿಲ್ಲ, ಒದ್ದೆಯಾದ ಜಮಖಾನೆಯಿಲ್ಲ. ಮಳೆಯೊಂದಿದೆ; ಅದೂ ಮೈಮೇಲೆ ಹಾಕಿಕೊಂಡ ಒಡವೆಯಂತೆ.

ಇಂಥ ಚಿತ್ರಗಳನ್ನು ಅಳೆಯಲು ಒಂದು ಅಳತೆಗೋಲು ಬೇಕೆನ್ನಿಸಿ ಮೀರಾ ನಾಯರ್ ನಿರ್ದೇಶಿಸಿದ ‘ಮಾನ್ಸೂನ್ ವೆಡ್ಡಿಂಗ್’ ಚಲಚ್ಚಿತ್ರವನ್ನು ನಾವು ಮತ್ತೊಮ್ಮೆ ನೋಡಿದೆವು. 2001ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿಯನ್ನು ಗೆದ್ದ ಚಿತ್ರವಿದು. ಅದಕ್ಕೂ ಮೊದಲು, 1957ರಲ್ಲಿ, ಸತ್ಯಜಿತ್ ರಾಯರ ‘ಅಪರಾಜಿತೋ’ ಇದೇ ಗೌರವ ಪಡೆದಿತ್ತು. ದಿಲ್ಲಿಯ ಪಂಜಾಬಿ ಗೃಹಸ್ಥ ಲಲಿತ್ ವರ್ಮಾ ಮಳೆಗಾಲದಲ್ಲಿ ಮಗಳು ಅದಿತಿಯ ಮದುವೆ ಮಾಡುವುದೇ ಕಥೆ. ಅಪ್ಪನಾಗಿ ನಸೀರುದ್ದೀನ್ ಶಾ, ಮಗಳಾಗಿ ನಮ್ಮ ಬೆಂಗಳೂರಿನ ವಸುಂಧರಾ ದಾಸ್. ವರ ಅಮೆರಿಕದ ಹ್ಯೂಸ್ಟನ್ನಿನಿಂದ ಬರುತ್ತಾನೆ. ನೆಂಟರು ಮೂರು ಖಂಡಗಳಿಂದ ವಿಮಾನ ಇಳಿಯುತ್ತಾರೆ. ದೂರದ ಊರೊಂದನ್ನು ಆರಿಸಿ ಅಲ್ಲಿಗೆ ಎಲ್ಲರನ್ನೂ ಕರೆಸಿಕೊಂಡು ಮದುವೆ ಮಾಡುವುದು ಇಂದಿನ ಶ್ರೀಮಂತರ ಷೋಕಿಯಾಗಿರಬಹುದು. ಚದುರಿಹೋದ ಕುಟುಂಬಗಳಿಗೆ ಮಾತ್ರ ಪ್ರತಿ ಮದುವೆಯೂ ಹಾಗೆಯೇ. ಹುಡುಗಿ ಪುಣೆಯವಳು, ಹುಡುಗ ಹೈದರಾಬಾದಿನವನು, ಮುಹೂರ್ತ ಧಾರವಾಡದಲ್ಲಿ ಎಂಬ ಮಾತು ನಮಗೆ ಹೊಸದೇನಲ್ಲ. ಮಳೆಯೂ ಹೊಸದಲ್ಲ. ಆಷಾಢ ಮುಗಿಯುವುದನ್ನೇ ಕಾದು ಶ್ರಾವಣದಲ್ಲಿ ಲಗ್ನ ಇಡುವ ಜನ ನಾವು.

ವಿಜ್ಞಾನ ಓದಿ ಗುಮಾಸ್ತಿಕೆಗೆ ಸೇರಿದ ನಮಗೆ ಇಂಥ ಕಡೆ ಒಂದಿಷ್ಟು ಲೆಕ್ಕ ಹಾಕುವ ಚಟ. 2 ಮಿಲಿಮೀಟರ್ ದಪ್ಪದ ಮಳೆಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಬೀಳುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ಬೆಳಗುವ ಫ್ಲಾಷ್ ದೀಪಕ್ಕೆ ಸಿಕ್ಕರೆ ಅದು ಒಂದು ಸೆಂಟಿಮೀಟರ್ ಕೂಡ ಸರಿಯುವುದಿಲ್ಲ, ಮಣಿಯಂತೆ ನಿಂತುಬಿಡುತ್ತದೆ. ಬೆಳಕು ಹಿಂದಿನಿಂದ ಬಂದರೆ ಹನಿ ಅದನ್ನು ಬಾಗಿಸಿ ನಮ್ಮ ಕಡೆಗೆ ಕಳಿಸುತ್ತದೆ, ಆದ್ದರಿಂದ ಹೊಳೆಯುತ್ತದೆ. ಮುಂದಿನಿಂದ ಬಂದರೆ ಬಹುಪಾಲು ಬೆಳಕು ಹನಿಯನ್ನು ಹಾಯ್ದು ಆಚೆಗೆ ಹೋಗುತ್ತದೆ. ಮಳೆ ಕಣ್ಣಿಗೇ ಬೀಳುವುದಿಲ್ಲ. ಅಂದಮೇಲೆ ಮಳೆ ಮುತ್ತಾಗುವುದು ವರುಣನ ಕೃಪೆಯಿಂದಲ್ಲ, ಛಾಯಾಗ್ರಾಹಕನ ಆಯ್ಕೆಯಿಂದ. ಆಯ್ಕೆ ಇರುವ ಕಡೆ ವಿಮರ್ಶೆಗೂ ಎಡೆಯುಂಟು.

ಈ ಚಿತ್ರದ ಛಾಯಾಗ್ರಾಹಕ ಡೆಕ್ಲಾನ್ ಕ್ವಿನ್ ಬೇರೆ ಆಯ್ಕೆ ಮಾಡಿಕೊಂಡರು. ಸೆಕೆಂಡಿಗೆ 24 ಚೌಕಟ್ಟು ಹಿಡಿಯುವ ಚಲಚ್ಚಿತ್ರದ ಕ್ಯಾಮೆರಾದಲ್ಲಿ ಪ್ರತಿ ಚೌಕಟ್ಟಿಗೂ ಸಾಮಾನ್ಯವಾಗಿ ಸೆಕೆಂಡಿನ 48ನೇ ಒಂದು ಪಾಲಿನಷ್ಟು ಹೊತ್ತು ಬೆಳಕು ಸಿಗುತ್ತದೆ. ಅಷ್ಟರಲ್ಲಿ ಅದೇ ಹನಿ 13 ಸೆಂಟಿಮೀಟರಿನಷ್ಟು ಇಳಿದು ಗೆರೆಯಾಗುತ್ತದೆ. ಕ್ವಿನ್ನರಿಗೆ ಆ ಗೆರೆಯ ಮೇಲೂ ಮೋಹವಿಲ್ಲ. ಕಣ್ಣೆಲ್ಲ ನೆನೆದ ಜನರ ಮೇಲೆ. ಕೈಯಲ್ಲೇ ಹಿಡಿದ ಕ್ಯಾಮೆರಾ ನೆಂಟರ ನಡುವೆ ನೆಂಟನಂತೆ ನುಸುಳುತ್ತದೆ. ಆಗಾಗ ಮನೆಯ ಗೇಟು ದಾಟಿ ಪೇಟೆಯ ಬೀದಿಗೂ ಹೊರಟು, ದಿಲ್ಲಿಯ ಗದ್ದಲವನ್ನು ಒಳಗೆ ತರುತ್ತದೆ. ಇಡೀ ಚಿತ್ರೀಕರಣ ಮುಗಿದದ್ದು ಸುಮಾರು 30 ದಿನಗಳಲ್ಲಿ. ತೆಗೆದ ಫಿಲ್ಮಿನಲ್ಲಿ ಒಂದಿಷ್ಟು ಭಾಗ ವಿಮಾನ ನಿಲ್ದಾಣದ ಕ್ಷ-ಕಿರಣ ತಪಾಸಣೆಗೆ ಸಿಕ್ಕಿ ಹಾಳಾಗಿ, ಅದನ್ನು ಮತ್ತೆ ಚಿತ್ರೀಕರಿಸಬೇಕಾಯಿತು. ಆದರೂ ಎಲ್ಲಿಯೂ ತೇಪೆ ಹಾಕಿದಂತೆ ಕಾಣುವುದಿಲ್ಲ.

ಈ ಕ್ಯಾಮೆರಾದ ಹೆಚ್ಚಿನ ಗುಣವೆಂದರೆ ಅದಕ್ಕೆ ಮಂಟಪ ಕಟ್ಟುವವನೂ ಕಾಣುತ್ತಾನೆ. ಶಾಮಿಯಾನಾದ ಗುತ್ತಿಗೆದಾರ ದುಬೆಯಾಗಿ ವಿಜಯ್ ರಾಜ್ ನಟಿಸಿದ್ದಾರೆ. ಬಿಳಿಯ ಶಾಮಿಯಾನಾ ಹಾಕಿಸಿ, ಇದೇನು ಸಾವಿನ ಮನೆಯೇ ಎಂದು ಯಜಮಾನರಿಂದ ಬೈಸಿಕೊಳ್ಳುವ ಇವನು ಚೆಂಡುಹೂವು ತಿನ್ನುತ್ತಾನೆ. ಮನೆಗೆಲಸದ ಹುಡುಗಿ ಆಲಿಸಳಿಗೆ ಮನಸೋಲುತ್ತಾನೆ. ದೊಡ್ಡ ಮದುವೆಯ ಪಕ್ಕದಲ್ಲೇ ಇವರಿಬ್ಬರ ಸಣ್ಣ ಮದುವೆಯೂ ನಡೆದುಹೋಗುತ್ತದೆ. ನಮ್ಮ ಆಲ್ಬಮ್ಮುಗಳಲ್ಲಿ ಚಪ್ಪರ ಕಟ್ಟಿದವನ ಚಿತ್ರ ಎಷ್ಟಿವೆ ಎಂದು ಓದುಗರು ಒಮ್ಮೆ ಎಣಿಸಿ ನೋಡಬಹುದು.

ಇಷ್ಟೇ ಆಗಿದ್ದರೆ ಇದೊಂದು ಸೊಗಸಾದ ವಿನೋದಚಿತ್ರವೆಂದು ಹೇಳಿ ಮುಗಿಸುತ್ತಿದ್ದೆವು. ಚಿತ್ರದ ನಡುವೆ ಒಂದು ಮುಳ್ಳಿದೆ. ಅದಿತಿಯೊಡನೆ ಅದೇ ಮನೆಯಲ್ಲಿ ಬೆಳೆದವಳು ರಿಯಾ, ತಂದೆಯಿಲ್ಲದ ಹುಡುಗಿ. ಶೆಫಾಲಿ ಶೆಟ್ಟಿಯವರ ಅಭಿನಯವನ್ನು ಎಷ್ಟು ಹೊಗಳಿದರೂ ಸಾಲದು. ಬಾಲ್ಯದಲ್ಲಿ ಅವಳನ್ನು ಕೆಡಿಸಿದವನು ಮನೆಗೆ ಹಣದ ನೆರವಿತ್ತ ಹಿರಿಯ ನೆಂಟ ತೇಜ್. ಈಗ ಅವನ ಕಣ್ಣು ಇನ್ನೊಬ್ಬ ಪುಟ್ಟ ಹುಡುಗಿಯ ಮೇಲಿದೆ. ಆ ಮಗುವನ್ನು ಅವನು ಕಾರಿನಲ್ಲಿ ಕೂರಿಸಿಕೊಂಡು ಹೊರಟಾಗ ರಿಯಾ ಅಡ್ಡ ನಿಂತು, ಎಲ್ಲರೆದುರಿಗೆ ಸತ್ಯ ಹೇಳುತ್ತಾಳೆ. ಮುಹೂರ್ತ ಹತ್ತಿರವಿದೆ, ಮನೆ ತುಂಬ ನೆಂಟರಿದ್ದಾರೆ, ಋಣ ಬೆನ್ನಮೇಲಿದೆ. ಇಂಥ ಹೊತ್ತಿನಲ್ಲಿ ನಮ್ಮ ಹಿರಿಯರು ಹೇಳುವ ಮಾತು ನಮಗೆಲ್ಲ ಬಾಯಿಪಾಠ: ಮದುವೆಯೊಂದು ಮುಗಿಯಲಿ, ಆಮೇಲೆ ನೋಡೋಣ. ಆ ‘ಆಮೇಲೆ’ ಬರುವುದೇ ಇಲ್ಲ. ಲಲಿತ್ ಒಂದು ರಾತ್ರಿ ತೊಳಲಾಡುತ್ತಾನೆ. ಮರುದಿನ, ತೀರಿಕೊಂಡ ಸೋದರನ, ಅಂದರೆ ರಿಯಾಳ ತಂದೆಯ ಭಾವಚಿತ್ರದ ಸಮ್ಮುಖದಲ್ಲಿ, ಆ ಹಿರಿಯನನ್ನು ಮನೆಯಿಂದ ಹೊರಡಲು ಹೇಳುತ್ತಾನೆ. ಕೂಗಾಟವಿಲ್ಲ, ಭಾಷಣವಿಲ್ಲ. ನಸೀರುದ್ದೀನ್ ಶಾ ಅವರ ದನಿ ನಡುಗುವುದೇ ಸಾಕು. ಕ್ಯಾಮೆರಾ ಆಗ ಅಲಂಕಾರವನ್ನು ಬಿಟ್ಟು ಮುಖಗಳನ್ನು ನೋಡುತ್ತದೆ.

ಇದಾದ ಮೇಲೆ ಮಳೆ ಬರುತ್ತದೆ. ದಿಬ್ಬಣ ನೆನೆಯುತ್ತದೆ, ಕೊಡೆಗಳು ಸಾಲುವುದಿಲ್ಲ, ಮಂಟಪದಲ್ಲಿ ಎಲ್ಲರೂ ಒದ್ದೆಯಾಗಿ ಕುಣಿಯುತ್ತಾರೆ. ದುಬೆ ಆಲಿಸರೂ ಆ ಕುಣಿತಕ್ಕೆ ಸೇರುತ್ತಾರೆ. ಒಬ್ಬರಿಗೆ ನಿಷ್ಠುರವಾದ ಮಾತು ಹೇಳಿ ಮುಗಿಸಿದ ಮನೆಯಲ್ಲಿ ಬಿದ್ದ ಮಳೆಯಾದ್ದರಿಂದಲೇ ಅದು ಕಣ್ಣಿಗೆ ತಂಪು. ಅದೇ ಮಳೆ ತೇಜ್ ಇನ್ನೂ ಒಳಗೆ ಕುಳಿತಿರುವಾಗ ಬಿದ್ದಿದ್ದರೆ ಬರಿಯ ಸುಂದರ ದೃಶ್ಯವಾಗುತ್ತಿತ್ತು.

ದೋಷಗಳಿಲ್ಲವೆಂದಲ್ಲ. ಅದಿತಿ ತನ್ನ ಹಳೆಯ ಪ್ರಣಯವನ್ನು ವರನಿಗೆ ತಾನಾಗಿ ಹೇಳಿಕೊಂಡಾಗ, ಸಿಟ್ಟಾದ ಆತ ಬೇಗನೆ ಸಮಾಧಾನಗೊಳ್ಳುವುದು ಕಥೆಯ ಅನುಕೂಲಕ್ಕೆ. ತೇಜ್ ಮನೆ ಬಿಟ್ಟು ಹೋಗುತ್ತಾನೆಯೇ ಹೊರತು ಕಾನೂನಿಗೆ ಉತ್ತರ ಹೇಳುವುದಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 2012ರಲ್ಲಿ. ಇಂಥದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕೆನ್ನುವ ಆ ಕಾಯಿದೆಯ ನಂತರ ನೋಡುವವರಿಗೆ ಈ ಕೊರತೆ ಎದ್ದು ಕಾಣುತ್ತದೆ. ಕೊನೆಯ ಕುಣಿತವೂ ಒಂದಿಷ್ಟು ಅವಸರದಲ್ಲಿ ಎಲ್ಲವನ್ನೂ ತೊಳೆದುಬಿಡುತ್ತದೆ. ರಿಯಾಳಂಥವರ ನೋವು ಒಂದು ಮಳೆಗೆ ಕರಗುವಂಥದಲ್ಲ. ಇಷ್ಟಾದರೂ, ಮದುವೆಯ ಶೋಭೆ ದೊಡ್ಡದೋ ಮಗು ದೊಡ್ಡದೋ ಎಂಬ ಪ್ರಶ್ನೆಗೆ ಚಿತ್ರ ತಡವರಿಸದೆ ಉತ್ತರ ಕೊಡುತ್ತದೆ.

ಕೊಡೆಯ ಕೆಳಗಿನ ಜೋಡಿಯ ಚಿತ್ರ ಬೇಡವೆಂದು ನಾವು ಹೇಳುವುದಿಲ್ಲ. ಹೊಸ ಜೋಡಿಗೆ ಅಷ್ಟು ಸಂತೋಷ ಸಲ್ಲಬೇಕು, ಒಂದು ಹಾಳೆ ಅದಕ್ಕಿರಲಿ. ಆದರೆ ವರ್ಷಕ್ಕೊಮ್ಮೆಯೂ ಒಂದೆಡೆ ಸೇರದ ನಮ್ಮಂಥವರಿಗೆ ಮದುವೆಯ ಆಲ್ಬಮ್ಮೆಂದರೆ ವಂಶದ ಹಾಜರಿ ಪುಸ್ತಕ. ಅದರಲ್ಲಿ ನೆನೆದ ಅಜ್ಜಿ, ಚಪ್ಪರ ಹಿಡಿದ ಆಳು, ಕಂಬದ ಮರೆಯಲ್ಲಿ ನಿಂತ ಹುಡುಗಿ ಎಲ್ಲರೂ ಇರಬೇಕು. ಆ ಹುಡುಗಿ ಯಾಕೆ ಅಲ್ಲಿ ನಿಂತಿದ್ದಾಳೆಂದು ಚಿತ್ರ ನೋಡಿದ ಮೇಲೆ ಕೇಳುವುದಕ್ಕಿಂತ ಮದುವೆಯ ದಿನವೇ ಹೋಗಿ ಕೇಳುವುದು ಇನ್ನೂ ಮೇಲು. ಮಕ್ಕಳು ದೊಡ್ಡವರಾಗಿರುವ ಮನೆಗಳಲ್ಲಿ ಈ ಚಿತ್ರವನ್ನು ಹಿರಿಯರೂ ಕಿರಿಯರೂ ಒಟ್ಟಿಗೆ ಕುಳಿತು ನೋಡಬೇಕೆಂದು ನಮ್ಮ ಶಿಫಾರಸು.