ಕೋಶಪೊರೆಯು ಬರೀ ಗೋಡೆಯೇ? ಪಠ್ಯಚಿತ್ರಕ್ಕೊಂದು ವಿಮರ್ಶೆ

ಕೋಶಪೊರೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದರೆ ನೀವು ಏನು ಬರೆಯುತ್ತೀರಿ? ದುಂಡು ತಲೆ, ಎರಡು ಬಾಲಗಳ ಲಿಪಿಡ್ ಅಣುಗಳನ್ನು ಎರಡು ಸಾಲಾಗಿ ಜೋಡಿಸಿ, ನಡುನಡುವೆ ದೊಡ್ಡ ಪ್ರೋಟೀನುಗಳನ್ನು ಹುದುಗಿಸುತ್ತೀರಿ. ಪೂರ್ಣ ಅಂಕ ಸಿಗುತ್ತದೆ. ಆದರೆ ಈ ಚಿತ್ರದಲ್ಲಿ ಲಿಪಿಡ್‌ಗಳೆಲ್ಲ ಒಂದೇ ತೆರ. ಹಂಪಿಯ ಕೋಟೆಗೋಡೆಯ ಕಲ್ಲುಗಳಂತೆ ಒಳಗನ್ನೂ ಹೊರಗನ್ನೂ ಬೇರ್ಪಡಿಸುವುದಷ್ಟೇ ಅವುಗಳ ಕೆಲಸ, ಉಳಿದದ್ದೆಲ್ಲ ಪ್ರೋಟೀನುಗಳದ್ದು ಎಂಬ ಭಾವನೆ ಮೂಡುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

ನಾನು ಭೌತವಿಜ್ಞಾನ ಕಲಿಸುವವನು. ಹೊಸಪೇಟೆಗೆ ಸಂಡೂರಿನಿಂದ ಓದಲು ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಒಮ್ಮೆ, ‘ಸರ್, ಈ ಐಪಿ3 ಎಲ್ಲಿಂದ ಬರುತ್ತದೆ?’ ಎಂದು ಕೇಳಿದಳು. ಆಗ ನನಗೆ ಉತ್ತರ ತಿಳಿದಿರಲಿಲ್ಲ. ಪ್ರಥಮ ಪಿಯುಸಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಪಠ್ಯವನ್ನು ತೆರೆದು ನೋಡಿದೆ. ಜೀವಕೋಶದ ಅಧ್ಯಾಯದಲ್ಲಿ ಸಿಂಗರ್ ಮತ್ತು ನಿಕೊಲ್ಸನ್ 1972ರಲ್ಲಿ ಮಂಡಿಸಿದ ಪೊರೆಯ ಮಾದರಿ ಇದೆ. ಮಾನವನ ಕೆಂಪು ರಕ್ತಕಣದ ಪೊರೆಯಲ್ಲಿ ಸುಮಾರು ಶೇಕಡ 52 ಪ್ರೋಟೀನು, ಶೇಕಡ 40 ಲಿಪಿಡ್ ಎಂಬ ಅಂಕಿಗಳೂ ಇವೆ. ಬಹಳ ಮುಂದೆ, ಹಾರ್ಮೋನುಗಳ ಅಧ್ಯಾಯದಲ್ಲಿ, ‘ದ್ವಿತೀಯ ಸಂದೇಶವಾಹಕ’ಗಳ ಪಟ್ಟಿಯಲ್ಲಿ ಐಪಿ3 ಹೆಸರು ಬಂದುಹೋಗುತ್ತದೆ. ಎರಡು ಅಧ್ಯಾಯಗಳ ನಡುವೆ ಸೇತುವೆ ಇಲ್ಲ. ಐಪಿ3 ಎಂಬುದು ಆ ಪೊರೆಯ ಲಿಪಿಡ್ ಒಂದರಿಂದಲೇ ಕಳಚಿಬಂದ ತಲೆ!

ಆ ಲಿಪಿಡ್‌ಗಳ ಕುಟುಂಬಕ್ಕೆ ಫಾಸ್ಫೊಇನಾಸಿಟೈಡ್ ಎಂದು ಹೆಸರು. ಇವುಗಳ ತಲೆಯಲ್ಲಿ ಇನಾಸಿಟಾಲ್ ಎಂಬ ಆರು ಕಾರ್ಬನ್‌ಗಳ ಉಂಗುರವಿದೆ. ಅದರ 3, 4, 5ನೇ ಸ್ಥಾನಗಳಿಗೆ ಕಿಣ್ವಗಳು ಫಾಸ್ಫೇಟನ್ನು ಸೇರಿಸಬಹುದು, ತೆಗೆಯಬಹುದು. ಮೂರು ಸ್ಥಾನ, ಪ್ರತಿಯೊಂದಕ್ಕೂ ಎರಡು ಸ್ಥಿತಿ: ಒಟ್ಟು ಎಂಟು ಸಾಧ್ಯತೆ. ಫಾಸ್ಫೇಟ್ ಸೇರದ ಮೂಲ ಅಣುವನ್ನು ಬಿಟ್ಟರೆ ಏಳು. ಏಳೂ ಜೀವಕೋಶದಲ್ಲಿವೆ. ಪ್ರತಿ ಫಾಸ್ಫೇಟ್ ಋಣ ಆವೇಶವನ್ನು ಹೆಚ್ಚಿಸುತ್ತದೆ; ಧನ ಆವೇಶವುಳ್ಳ ಪ್ರೋಟೀನುಗಳು ಕೋಶದ್ರವ್ಯದಿಂದ ಬಂದು ಅಲ್ಲಿ ಅಂಟಿಕೊಳ್ಳುತ್ತವೆ. ಕೂಲಂಬನ ನಿಯಮ ಇಲ್ಲಿಯೂ ಕೆಲಸ ಮಾಡುತ್ತದೆ.

ಇವುಗಳಲ್ಲಿ ಪಿಐಪಿ2 ಎಂಬುದು ಹೊರಪೊರೆಯ ಲಿಪಿಡ್‌ಗಳಲ್ಲಿ ಸುಮಾರು ಶೇಕಡ 1ರಷ್ಟು, ಅದೂ ಮುಖ್ಯವಾಗಿ ಒಳಪದರದಲ್ಲಿ. ಹಾರ್ಮೋನು ಹೊರಗಿನ ಗ್ರಾಹಕಕ್ಕೆ ತಗುಲಿದಾಗ ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವ ಪಿಐಪಿ2ನ್ನು ಎರಡಾಗಿ ಕತ್ತರಿಸುತ್ತದೆ. ಬಾಲದ ಭಾಗ ಪೊರೆಯಲ್ಲೇ ಉಳಿದು ಬೇರೊಂದು ಕಿಣ್ವವನ್ನು ಎಬ್ಬಿಸುತ್ತದೆ. ತಲೆಯ ಭಾಗವಾದ ಐಪಿ3 ನೀರಿನಲ್ಲಿ ಕರಗಿ ಒಳಗೆ ಸಾಗಿ, ಎಂಡೋಪ್ಲಾಸ್ಮಿಕ್ ರೆಟಿಕುಲಂನ ಕ್ಯಾಲ್ಸಿಯಂ ನಾಳಗಳನ್ನು ತೆರೆಯುತ್ತದೆ. ತುಂಗಭದ್ರಾ ಜಲಾಶಯದ ಗೇಟು ಎತ್ತಿದಂತೆ ಕ್ಯಾಲ್ಸಿಯಂ ಹೊರನುಗ್ಗುತ್ತದೆ.

ಇದು ಹೊಸ ಸುದ್ದಿಯೇನಲ್ಲ. ಮೇಬಲ್ ಹೋಕಿನ್ ಮತ್ತು ಲೋವೆಲ್ ಹೋಕಿನ್ ಪಾರಿವಾಳದ ಮೇದೋಜೀರಕ ಗ್ರಂಥಿಯಲ್ಲಿ ಇದರ ಮೊದಲ ಸುಳಿವು ಕಂಡದ್ದು 1953ರಲ್ಲಿ. ರಾಬರ್ಟ್ ಮಿಚೆಲ್ ಅದನ್ನು ಕ್ಯಾಲ್ಸಿಯಂಗೆ ಜೋಡಿಸಿದ್ದು 1975ರಲ್ಲಿ. ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ಐಪಿ3ಯ ಪಾತ್ರವನ್ನು ತೋರಿಸಿದ್ದು 1983ರಲ್ಲಿ. ಪಠ್ಯಕ್ಕೆ ಒಂದು ವಾಕ್ಯ ಸೇರಿಸಲು ಇಷ್ಟು ಕಾಲ ಸಾಲದೆ?

ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ಕಂಪ್ಲಿಯ ಸಂತೆಯಲ್ಲಿ ಕಳಿತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣವನ್ನು ನೋಡಿ. ಅದರ ಕಣ್ಣಿಗೆ ಬೆಳಕು ಬಿದ್ದಾಗ ಇದೇ ಪಿಐಪಿ2 ಒಡೆಯುತ್ತದೆ, ಅಯಾನು ನಾಳಗಳು ತೆರೆಯುತ್ತವೆ. ಆ ಕತ್ತರಿಸುವ ಕಿಣ್ವವಿಲ್ಲದ ‘ನಾರ್ಪ್‌ಎ’ ತಳಿಯ ನೊಣ ಕುರುಡು. ತಲೆ ಕಳಚಿದ ಲಿಪಿಡ್‌ಗಳಿಂದ ಪೊರೆಯ ಬಿಗಿತ ಬದಲಾಗುತ್ತದೆ, ಆ ಯಾಂತ್ರಿಕ ಬಲವೂ ನಾಳ ತೆರೆಯಲು ನೆರವಾಗಬಹುದು ಎಂದು 2012ರಲ್ಲಿ ಹಾರ್ಡಿ ಮತ್ತು ಫ್ರಾನ್ಜ್ ವಾದಿಸಿದರು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ರಘು ಪಡಿಂಜಾಟ್ ಅವರ ತಂಡ, ಒಡೆದ ಪಿಐಪಿ2 ಮತ್ತೆ ಹೇಗೆ ತುಂಬಿಕೊಳ್ಳುತ್ತದೆ ಎಂಬುದನ್ನು ಇದೇ ನೊಣದ ಕಣ್ಣಿನಲ್ಲಿ ಅಧ್ಯಯನ ಮಾಡಿದೆ. ಒಳಗಿನಿಂದ ಹೊರಪೊರೆಗೆ ಮೂಲ ಲಿಪಿಡ್ಡನ್ನು ಸಾಗಿಸುವ ‘ಆರ್‌ಡಿಜಿಬಿ’ ಪ್ರೋಟೀನು ಕೆಟ್ಟರೆ ನೊಣದ ಅಕ್ಷಿಪಟಲ ಕ್ರಮೇಣ ನಶಿಸುತ್ತದೆ.

ಸಂಜ್ಞೆಯನ್ನು ಆರಂಭಿಸುವಷ್ಟೇ ನಿಲ್ಲಿಸುವುದೂ ಮುಖ್ಯ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ಮುಚ್ಚಲಾಗದ ಗೇಟಿನ ಅರ್ಥ ನಮ್ಮ ಭಾಗದವರಿಗೆಲ್ಲ ತಿಳಿಯಿತು. ಜೀವಕೋಶದಲ್ಲಿ ಪಿಐ3 ಕೈನೇಸ್ ಎಂಬ ಕಿಣ್ವ ಪಿಐಪಿ2ಗೆ ಇನ್ನೊಂದು ಫಾಸ್ಫೇಟ್ ಸೇರಿಸಿ ‘ಬೆಳೆ’ ಎಂಬ ಸಂಜ್ಞೆ ಕೊಡುತ್ತದೆ; ‘ಪಿಟೆನ್’ ಎಂಬ ಕಿಣ್ವ ಅದನ್ನು ತೆಗೆದುಹಾಕುತ್ತದೆ. ಅನೇಕ ಕ್ಯಾನ್ಸರ್‌ಗಳಲ್ಲಿ ಈ ಪಿಟೆನ್ ಕೆಟ್ಟಿರುತ್ತದೆ.

ಪಠ್ಯಕ್ರಮ ಈಗಾಗಲೇ ಭಾರವಾಗಿದೆ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಏಳು ಹೆಸರುಗಳನ್ನು ಬಾಯಿಪಾಠ ಮಾಡಿಸಿ ಎಂದು ನಾನು ಕೇಳುತ್ತಿಲ್ಲ. 1972ರ ಮಾದರಿ ತಪ್ಪೆಂದೂ ಹೇಳುತ್ತಿಲ್ಲ; ಪೊರೆ ಹರಿಯುತ್ತದೆ ಎಂದು ಅದೇ ಕಲಿಸಿತು. ಆದರೆ ಕಾರಣ ಹೇಳದೆ ಬರೀ ಹೆಸರು ಕೊಟ್ಟರೆ ವಿದ್ಯಾರ್ಥಿ ಕಂಠಪಾಠ ಮಾಡುತ್ತಾನೆ, ಪ್ರಶ್ನೆ ಕೇಳುವುದನ್ನು ಬಿಡುತ್ತಾನೆ. ಆವೇಶ, ವಿಸರಣ, ಬಿಗಿತಗಳನ್ನು ಕಲಿತವನಿಗೆ ಜೀವಶಾಸ್ತ್ರ ತನ್ನದಲ್ಲ ಎನಿಸುವುದೂ ಹೀಗೆಯೇ.

ಶಿಕ್ಷಕ ಮಿತ್ರರೇ, ಮುಂದಿನ ಬಾರಿ ಕಪ್ಪುಹಲಗೆಯ ಮೇಲೆ ಈ ಚಿತ್ರ ಬರೆಯುವಾಗ ಒಳಸಾಲಿನ ಒಂದು ತಲೆಗೆ ಮಾತ್ರ ಕೆಂಪು ಸೀಮೆಸುಣ್ಣ ಬಳಸಿ. ಅದೇಕೆ ಕೆಂಪು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಪಾಠವನ್ನು ಅಲ್ಲಿಂದ ಆರಂಭಿಸಿ.