ಮುಂದೆ ದೊಡ್ಡದು, ಹಿಂದೆ ಚಿಕ್ಕದು

ಮುಂದಿನ ಫೋರ್ಕಿನಲ್ಲಿ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಮೌಂಟೇನ್ ಬೈಕಿಗೆ ಮುಂದೆ 29 ಇಂಚಿನ ಚಕ್ರ, ಹಿಂದೆ 27.5 ಇಂಚಿನದು. ಈ ಜೋಡಿ ನನಗೆ ಬಲು ಇಷ್ಟ. ದೊಡ್ಡ ಮುಂಚಕ್ರ ಬೇರು, ಬಂಡೆಗಳನ್ನು ಸಲೀಸಾಗಿ ಹತ್ತಿ ದಾಟುತ್ತದೆ. ಚಿಕ್ಕ ಹಿಂಚಕ್ರ ತಿರುವಿನಲ್ಲಿ ಚಕ್ಕನೆ ಹೊರಳುತ್ತದೆ, ಕಡಿದಾದ ಇಳಿಜಾರಿನಲ್ಲಿ ಹಿಂದಕ್ಕೆ ಸರಿದ ಸವಾರನ ಮೈಗೆ ತಾಗುವುದಿಲ್ಲ.

ಯೋಚನೆ ಹಳೆಯದು. ಕ್ಯಾನಂಡೇಲ್ ಕಂಪನಿ 1980ರ ದಶಕದಲ್ಲೇ 26 ಮತ್ತು 24 ಇಂಚಿನ ಚಕ್ರಗಳ ಬೈಕ್ ಮಾರಿತ್ತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಸ್ಪರ್ಧೆಗಳಲ್ಲಿ ಇಂಥ ಬೆರಕೆ ಜೋಡಿಗೆ ಒಪ್ಪಿಗೆ ಸಿಕ್ಕಿದ್ದು ಮಾತ್ರ 2019ರಲ್ಲಿ.

ನಿಜವಾದ ಸೊಗಸಿರುವುದು ಲೆಕ್ಕದಲ್ಲಿ. ಟೈರು ಕೂರುವ ರಿಮ್ಮಿನ ವ್ಯಾಸ 29 ಇಂಚಿನ ಚಕ್ರದ್ದು 622 ಮಿ.ಮೀ., 27.5 ಇಂಚಿನದರದ್ದು 584. ಹಾಗಾಗಿ 29ರ ಫ್ರೇಮಿಗೆ ಚಿಕ್ಕ ಹಿಂಚಕ್ರ ಹಾಕಿದರೆ ಆಕ್ಸಲ್ 19 ಮಿ.ಮೀ. ಕೆಳಗಿಳಿಯುತ್ತದೆ. ಪೆಡಲಿನ ನಡು ಸುಮಾರು 12 ಮಿ.ಮೀ. ತಗ್ಗುತ್ತದೆ, ಮುಂಭಾಗದ ಕೋನ ಹೆಚ್ಚುಕಡಿಮೆ ಒಂದು ಡಿಗ್ರಿ ವಾಲುತ್ತದೆ. ಹಾರ್ಡ್‌ಟೇಲಿಗೆ ಈ ವಾಲು ವರವೇ ಸರಿ. ಫೋರ್ಕ್ ಕುಗ್ಗಿದಾಗ ಮುಂಭಾಗ ಮಾತ್ರ ಕುಸಿದು ಕೋನ ಕಡಿದಾಗುವ ಕಾಟ ಅದಕ್ಕಿದೆಯಲ್ಲ!

ಪೆಡಲು ಕಲ್ಲಿಗೆ ಬಡಿಯುವ ಭಯ ಸುಳ್ಳಲ್ಲ. ಫ್ರೇಮಿನಲ್ಲಿ ಜಾಗವಿದ್ದರೆ ಹಿಂದಕ್ಕೆ 2.8 ಇಂಚಿನ ದಪ್ಪ ಟೈರು ಹಾಕಿ. ಕಳೆದುಕೊಂಡ ಎತ್ತರ ಒಂದಿಷ್ಟು ಮರಳುತ್ತದೆ, ಗಾಳಿ ಕೊಂಚ ಇಳಿಸಿದರೆ ಬೆನ್ನಿಗೂ ಹಿತ. ಸೀಟೂ ಹಿಂದಕ್ಕೆ ವಾಲಿರುತ್ತದೆ, ಅದನ್ನು ತುಸು ಮುಂದಕ್ಕೆ ಸರಿಸಬೇಕು. ಬ್ರೇಕಿನ ಚಿಂತೆ ಬೇಡ: ಡಿಸ್ಕ್ ಹಬ್‌ನಲ್ಲಿರುವುದರಿಂದ ರಿಮ್ಮಿನ ಅಳತೆಗೂ ಅದಕ್ಕೂ ಸಂಬಂಧವೇ ಇಲ್ಲ.